ಓಡುವ ಗಡಿಯಾರಕ್ಕೆ ಏನಾಗುತ್ತದೆ?

ವಿಜ್ಞಾನ ಅಂಚೆ: ಓದುಗರ ಪ್ರಶ್ನೆಗಳಿಗೆ ಡೊಂಬಿವಲಿಯ ನಿವೃತ್ತ ಭೌತಶಾಸ್ತ್ರ ಶಿಕ್ಷಕಿಯ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮುಂಬೈನ ಫೋರ್ಟ್‌ನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮಗಳು ಹನ್ನೆರಡನೇ ತರಗತಿ. ವೇಗವಾಗಿ ಹೋಗುವವರಿಗೆ ಕಾಲ ನಿಧಾನ ಎಂದು ಓದಿಕೊಂಡು ಬಂದಿದ್ದಾಳೆ. ಎರಡು ಕನ್ನಡಿಗಳ ನಡುವೆ ಬೆಳಕು ಪುಟಿಯುವ ಗಡಿಯಾರದ ಚಿತ್ರವನ್ನೂ ತೋರಿಸಿದಳು. ಆ ಗಡಿಯಾರ ನಿಧಾನವಾಗುತ್ತದೆ, ಒಪ್ಪಿದೆ. ಆದರೆ ನನ್ನ ಕೈಗಡಿಯಾರದಲ್ಲಿ ಕನ್ನಡಿಗಳಿಲ್ಲ. ಎದೆಬಡಿತದಲ್ಲಿ ಬೆಳಕಿಲ್ಲ. ಇಡ್ಲಿ ಹಿಟ್ಟು ಉಬ್ಬುವುದಕ್ಕೂ ಬೆಳಕಿಗೂ ಏನು ಸಂಬಂಧ? ವೇಗ ಇವೆಲ್ಲವನ್ನೂ ಹೇಗೆ ಹಿಡಿದು ನಿಧಾನ ಮಾಡುತ್ತದೆ? ಸೂತ್ರ ಬೇಡ, ಕಾರಣ ಬೇಕು.
(ಓದುಗರೊಬ್ಬರು, ಠಾಣೆ)

ಉತ್ತರ: ನಿಮ್ಮ ಪತ್ರದ ಒಂದು ಸಾಲನ್ನು ಎರಡೆರಡು ಸಲ ಓದಿದೆ. "ವೇಗ ಇವೆಲ್ಲವನ್ನೂ ಹೇಗೆ ಹಿಡಿದು ನಿಧಾನ ಮಾಡುತ್ತದೆ?" ಸುಮಾರು ಇಪ್ಪತ್ತು ವರ್ಷದ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಇದನ್ನೇ ಕೇಳಿದ್ದಳು. ನಾನು ಬೋರ್ಡಿನ ಮೇಲೆ ಸೂತ್ರ ಬರೆದೆ, ಲೆಕ್ಕ ಮಾಡಿಸಿದೆ, ಮುಂದಿನ ಪಾಠಕ್ಕೆ ಹೋದೆ. ಅವಳು ಮತ್ತೆ ಕೇಳಲಿಲ್ಲ, ಸುಮ್ನೆ ಕುಳಿತಳು. ಆ ದಿನ ಸಂಜೆ ಲೋಕಲ್‌ನಲ್ಲಿ ಮನೆಗೆ ಬರುವಾಗ ಅವಳ ಮುಖವೇ ಕಣ್ಣ ಮುಂದೆ ಇತ್ತು. ಆಮೇಲೆ ಎಷ್ಟೋ ದಿನ ಅದೇ ಲೋಕಲ್‌ನಲ್ಲಿ ಕುಳಿತು ಅವಳ ಪ್ರಶ್ನೆಯನ್ನೇ ಯೋಚಿಸಿದ್ದೇನೆ. ಅವಳಿಗೆ ಅಂದು ಕೊಡಬೇಕಾಗಿದ್ದ ಉತ್ತರ ಇದು.

ವೇಗ ಗಡಿಯಾರಕ್ಕೆ ಏನೂ ಮಾಡುವುದಿಲ್ಲ. ಹಿಡಿಯುವುದಿಲ್ಲ, ಎಳೆಯುವುದಿಲ್ಲ, ಹಲ್ಲುಚಕ್ರಕ್ಕೆ ಅಡ್ಡ ಬರುವುದಿಲ್ಲ. ಮೊದಲು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ನೀವು ಠಾಣೆಯಲ್ಲಿ ಫಾಸ್ಟ್ ಲೋಕಲ್ ಹತ್ತಿದ್ದೀರಿ. ಹಳಿ ನುಣ್ಣಗಿದೆ, ಬಂಡಿ ಅಲುಗಾಡದೆ ಒಂದೇ ವೇಗದಲ್ಲಿ ಓಡುತ್ತಿದೆ ಎಂದುಕೊಳ್ಳಿ. ಕಿಟಕಿ ಮುಚ್ಚಿದೆ. ಬಾಟಲಿಯ ನೀರು ಸಮವಾಗಿ ನಿಂತಿದೆ. ಕೈಯಿಂದ ಜಾರಿದ ಶೇಂಗಾ ನೆಟ್ಟಗೆ ನಿಮ್ಮ ಕಾಲ ಬಳಿಯೇ ಬೀಳುತ್ತದೆ. ಬಂಡಿ ಓಡುತ್ತಿದೆಯೋ ನಿಂತಿದೆಯೋ ಎಂದು ಒಳಗೆ ಕುಳಿತು ಹೇಳಲು ಯಾವ ದಾರಿಯೂ ಇಲ್ಲ. ಗೆಲಿಲಿಯೋ 1632ರಲ್ಲೇ ಹಡಗಿನ ಒಳಕೋಣೆಯ ಉದಾಹರಣೆ ಕೊಟ್ಟು ಇದನ್ನು ಹೇಳಿದ್ದ. ಒಂದೇ ವೇಗದ ನೇರ ಓಟವನ್ನು ಒಳಗಿನ ಯಾವ ಪ್ರಯೋಗವೂ ಪತ್ತೆ ಹಚ್ಚಲಾರದು.

ಈಗ ನಿಮ್ಮ ಮಗಳ ಕನ್ನಡಿ ಗಡಿಯಾರವನ್ನು ಸೀಟಿನ ಪಕ್ಕ ಇಡಿ. ನಿಮ್ಮ ಕೈಗಡಿಯಾರ ಅದರ ಪಕ್ಕದಲ್ಲೇ ಇರಲಿ. ಓಟದಿಂದ ಕನ್ನಡಿಯದು ಮಾತ್ರ ನಿಧಾನವಾಗಿ, ಕೈಗಡಿಯಾರ ಹಾಗೇ ಉಳಿದರೆ? ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಆಗ ನೀವು ಕಿಟಕಿ ತೆರೆಯದೆಯೇ "ಓಹೋ, ನಾನು ಓಡುತ್ತಿದ್ದೇನೆ" ಎಂದುಬಿಡಬಹುದು. ಗೆಲಿಲಿಯೋ ಆಗದು ಎಂದಿದ್ದು ಇದನ್ನೇ. ಹಾಗಾಗಿ ಹೊರಗಿನವರ ಕಣ್ಣಿಗೆ ಕನ್ನಡಿ ಗಡಿಯಾರ ಎಷ್ಟು ನಿಧಾನವೋ ಕೈಗಡಿಯಾರವೂ ಅಷ್ಟೇ ನಿಧಾನ ಆಗಲೇಬೇಕು. ನಿಮ್ಮ ಎದೆಬಡಿತವೂ ಅಷ್ಟೇ. ಡಬ್ಬಿಯಲ್ಲಿ ಇಡ್ಲಿ ಹಿಟ್ಟು ಇದ್ದರೆ ಅದು ಉಬ್ಬುವುದೂ ಅಷ್ಟೇ. ಇವೆಲ್ಲ ಬೆಳಕಿನಿಂದ ನಡೆಯುತ್ತವೆ ಎಂದಲ್ಲ. ಬೋಗಿಯೊಳಗೆ ನಡೆಯುವ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಇರಬೇಕು, ಅಷ್ಟೇ ಕಾರಣ. ಕನ್ನಡಿ ಗಡಿಯಾರ ಒಂದು ಸಾಕ್ಷಿ. ಲೆಕ್ಕ ಸುಲಭ ಅಂತ ಆ ಸಾಕ್ಷಿಯನ್ನು ಕರೆಯುತ್ತೇವೆ. ಅದು ಹೇಳುವುದು ಮಾತ್ರ ಇಡೀ ಬೋಗಿಯ ವಿಷಯ.

ಒಳಗಿರುವ ನಿಮಗೆ ಯಾವುದೂ ನಿಧಾನ ಅನ್ನಿಸುವುದಿಲ್ಲ ಎನ್ನುವುದೂ ಇದರಲ್ಲೇ ಬಂತು.

ಹಾಗಾದರೆ ಆ ಸಾಕ್ಷಿ ನಿಧಾನ ಆಗುವುದಾದರೂ ಯಾಕೆ? ನಾನು ವಿಕ್ರೋಳಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೇನೆ. ನಿಮ್ಮ ಫಾಸ್ಟ್ ಅಲ್ಲಿ ನಿಲ್ಲದೆ ಹಾದುಹೋಗುತ್ತದೆ. ನೀವು ಒಂದು ರೂಪಾಯಿ ನಾಣ್ಯವನ್ನು ಮೇಲಕ್ಕೆ ಚಿಮ್ಮಿ ಹಿಡಿಯುತ್ತೀರಿ. ನಿಮಗೆ ನಾಣ್ಯ ನೆಟ್ಟಗೆ ಮೇಲೆ ಹೋಗಿ ನೆಟ್ಟಗೆ ಕೆಳಗೆ ಬಂತು. ನನ್ನ ಕಣ್ಣಿಗೆ ಅದು ಬಂಡಿಯ ಜೊತೆ ಮುಂದೆಯೂ ಹೋಯಿತು. ಅಂದರೆ ನನ್ನ ಪಾಲಿಗೆ ಅದು ಓರೆಯಾದ, ಉದ್ದವಾದ ದಾರಿ ಹಿಡಿದಿದೆ. ಆದರೂ ಯಾರ ಗಡಿಯಾರಕ್ಕೂ ಏನೂ ಆಗಿಲ್ಲ ಅನ್ನಿಸುತ್ತದೆ, ಯಾಕೆಂದರೆ ನಾಣ್ಯಕ್ಕೆ ಬಂಡಿಯ ವೇಗವೂ ಸೇರಿಕೊಂಡಿದೆ. ದಾರಿ ಉದ್ದ, ವೇಗವೂ ಜಾಸ್ತಿ. ಸರಿಹೋಯಿತು.

ಬೆಳಕಿನಲ್ಲಿ ಹೀಗೆ ಸರಿಹೋಗುವುದಿಲ್ಲ. ಎಲ್ಲವೂ ಇಲ್ಲಿಂದಲೇ ಶುರುವಾಗುತ್ತದೆ. ಬೆಳಕಿಗೆ ಬಂಡಿಯ ವೇಗ ಸೇರುವುದಿಲ್ಲ. ನಿಮಗೂ ಸೆಕೆಂಡಿಗೆ 2,99,792 ಕಿ.ಮೀ. ಚಿಲ್ಲರೆ, ನನಗೂ ಅಷ್ಟೇ. ಇದನ್ನು ಸುಮ್ನೆ ನಂಬಿ ಎಂದು ಹೇಳುತ್ತಿಲ್ಲ. 1964ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಪಯಾನ್ ಎಂಬ ಕಣಗಳನ್ನು ಬೆಳಕಿನ ವೇಗದ 99.9 ಶೇಕಡಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸಿ, ಅವು ಓಡುತ್ತಲೇ ಒಡೆದು ಹೊಮ್ಮಿಸಿದ ಗಾಮಾ ಕಿರಣಗಳ ವೇಗ ಅಳೆದರು. ಗಾಮಾ ಕಿರಣ ಅಂದರೆ ಅದೂ ಬೆಳಕೇ, ಶಕ್ತಿ ಮಾತ್ರ ಜಾಸ್ತಿ. ನಾಣ್ಯದ ಲೆಕ್ಕದಲ್ಲಿ ಅದರ ವೇಗ ಹತ್ತಿರ ಹತ್ತಿರ ಎರಡು ಪಟ್ಟು ಬರಬೇಕಿತ್ತು. ಬಂದದ್ದು ಬೆಳಕಿನ ಅದೇ ಹಳೇ ವೇಗ.

ಈಗ ಕನ್ನಡಿ ಗಡಿಯಾರವನ್ನು ನನ್ನ ಪ್ಲಾಟ್‌ಫಾರ್ಮಿನಿಂದ ನೋಡೋಣ. ಬೆಳಕಿನ ದಾರಿ ಓರೆ, ಆದ್ದರಿಂದ ಉದ್ದ. ವೇಗ ಮಾತ್ರ ಅಷ್ಟೇ. ಉದ್ದದ ದಾರಿಯನ್ನು ಅದೇ ವೇಗದಲ್ಲಿ ನಡೆದರೆ ಹೊತ್ತು ಜಾಸ್ತಿ ಬೇಕು, ಅಲ್ವಾ? ಒಂದು 'ಟಿಕ್' ಆಗಲು, ಅಂದರೆ ಬೆಳಕು ಕೆಳಗಿನ ಕನ್ನಡಿಯಿಂದ ಮೇಲಿನದಕ್ಕೆ ಮುಟ್ಟಲು, ನನ್ನ ಲೆಕ್ಕದಲ್ಲಿ ಹೆಚ್ಚು ಹೊತ್ತು ಹಿಡಿಯಿತು.

ಎಷ್ಟು ಹೆಚ್ಚು? ಇಲ್ಲಿ ನನಗೆ ನನ್ನ ಅಪ್ಪ ನೆನಪಾಗುತ್ತಾರೆ. ಅಪ್ಪ ಬಿಜಾಪುರ ಜಿಲ್ಲೆಯಿಂದ ಮುಂಬೈಗೆ ಬಂದ ಗೌಂಡಿ. ಮುಲುಂಡಿನ ಕಡೆ ಕಟ್ಟಡಗಳು ಏಳುತ್ತಿದ್ದ ಕಾಲ. ಶಾಲೆಗೆ ರಜೆ ಇದ್ದಾಗ ಅವರಿಗೆ ಬುತ್ತಿ ಕೊಂಡೊಯ್ಯುತ್ತಿದ್ದೆ. ಪಾಯ ತೋಡುವ ಮೊದಲು ಅಪ್ಪ ನೆಲದ ಮೇಲೆ ಹಗ್ಗ ಹಿಡಿಯುತ್ತಿದ್ದರು. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ, ಓರೆಯಾಗಿ ಅಳೆದರೆ 5 ಅಡಿ ಬರಬೇಕು. "ಮೂರು, ನಾಕು, ಐದು ಬಂತಂದ್ರ ಮೂಲಿ ಬರೊಬ್ಬರಿ ಐತಿ ನೋಡವ್ವ" ಎನ್ನುತ್ತಿದ್ದರು. ಅವರು ಶಾಲೆ ಕಲಿತಿದ್ದು ಎರಡೇ ವರ್ಷ. ಪೈಥಾಗೊರಸ್ ಎಂಬ ಹೆಸರು ಕೇಳಿರಲಿಲ್ಲ.

ಕಾಲ ನಿಧಾನವಾಗುವ ಲೆಕ್ಕಕ್ಕೆ ಅಪ್ಪನ ಆ ಹಗ್ಗ ಸಾಕು. ಬಂಡಿ ಬೆಳಕಿನ ವೇಗದ ಹತ್ತರಲ್ಲಿ ಎಂಟು ಪಾಲು ವೇಗದಲ್ಲಿ ಓಡುತ್ತಿದೆ ಎಂದುಕೊಳ್ಳಿ. ಬೆಳಕು ಓರೆಯಾಗಿ 5 ಅಡಿ ಹೋಗುವಷ್ಟರಲ್ಲಿ ಬಂಡಿ 4 ಅಡಿ ಹೋಗಿರುತ್ತದೆ. ಹಾಗಾದರೆ ಕನ್ನಡಿಗಳ ನಡುವಿನ ಎತ್ತರ? 3 ಅಡಿ. ಎತ್ತರ ನಿಮಗೂ ನನಗೂ ಒಂದೇ, ಯಾಕೆಂದರೆ ಓಟ ಅಡ್ಡಕ್ಕೆ. ನನ್ನ ಗಡಿಯಾರದಲ್ಲಿ ಬೆಳಕು 5 ಅಡಿ ನಡೆಯುವಷ್ಟು ಹೊತ್ತು ಕಳೆದಿದೆ. ನಿಮ್ಮದರಲ್ಲಿ ಬೆಳಕು 3 ಅಡಿ ನಡೆದಿದೆ, ಅಷ್ಟೇ. ನನ್ನ 5 ಸೆಕೆಂಡಿಗೆ ನಿಮ್ಮ 3 ಸೆಕೆಂಡು.

ಈ ಲೆಕ್ಕವನ್ನು ಒಂಚೂರು ತಿರುಗಿಸಿ ನೋಡಿ. ಐದರ ವರ್ಗ 25. ನಾಲ್ಕರ ವರ್ಗ 16. ಕಳೆದರೆ 9, ಅದು ಮೂರರ ವರ್ಗ. ನಾನು ಅಳೆದ ಹೊತ್ತಿನ ವರ್ಗದಿಂದ ನೀವು ಸಾಗಿದ ದೂರದ ವರ್ಗ ಕಳೆದರೆ ನಿಮ್ಮ ಸ್ವಂತ ಹೊತ್ತಿನ ವರ್ಗ ಸಿಗುತ್ತದೆ. ದೂರವನ್ನು ಬೆಳಕಿನ ಅಳತೆಯಲ್ಲಿ ಬರೆಯಬೇಕು, ಅಷ್ಟೇ. ಐನ್‌ಸ್ಟೀನ್ 1905ರಲ್ಲಿ ತಮ್ಮ ಸಾಪೇಕ್ಷತಾ ಸಿದ್ಧಾಂತ ಪ್ರಕಟಿಸಿದರು. 1908ರಲ್ಲಿ ಅವರ ಹಿಂದಿನ ಗಣಿತದ ಗುರು ಮಿಂಕೋವ್ಸ್ಕಿ ಅದನ್ನು ಈ ರೂಪದಲ್ಲಿ ತೋರಿಸಿದರು. ದೂರ ಮತ್ತು ಕಾಲ ಎರಡು ಬೇರೆ ಬೇರೆ ವಸ್ತುಗಳಲ್ಲ, ಒಂದೇ ಭೂಮಿಯ ಎರಡು ದಿಕ್ಕುಗಳು ಎಂದರು. ಮನೆಯ ಪಾಯದಲ್ಲಿ ಎರಡು ದಿಕ್ಕಿನ ವರ್ಗಗಳನ್ನು ಕೂಡುತ್ತೇವೆ. ಇಲ್ಲಿ ಕಳೆಯುತ್ತೇವೆ. ಲೋಕ ಕಟ್ಟಿರುವುದೇ ಹಾಗೆ. ಬೆಳಕನ್ನೇ ತೆಗೆದುಕೊಳ್ಳಿ. ಅದು ಒಂದು ವರ್ಷದಲ್ಲಿ ಹೋಗುವ ದೂರವೇ ಒಂದು ಬೆಳಕಿನ ವರ್ಷ. 5 ವರ್ಷದಲ್ಲಿ 5 ಬೆಳಕಿನ ವರ್ಷ ಹೋಗುತ್ತದೆ. ಕಳೆದರೆ ಸೊನ್ನೆ. ಯಾರು ಅಳೆದರೂ ಆ ಸೊನ್ನೆ ಸೊನ್ನೆಯೇ. ಬೆಳಕಿನ ವೇಗ ಎಲ್ಲರಿಗೂ ಒಂದೇ ಎನ್ನುವುದೂ ಈ ಕಳೆಯುವ ಲೆಕ್ಕವೂ ಒಂದೇ ಮಾತಿನ ಎರಡು ಮುಖ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಕಾರಣ ಇದು: ಎಲ್ಲರಿಗೂ ಸೇರಿ ಒಂದೇ ಕಾಲ ಎಂಬುದು ಮೊದಲಿನಿಂದಲೂ ಇಲ್ಲ. ನನ್ನ ಹೊತ್ತು ನಾನು ನಡೆದ ದಾರಿಯ ಅಳತೆ. ನಿಮ್ಮ ಹೊತ್ತು ನಿಮ್ಮ ದಾರಿಯದು. ಕೈಗಡಿಯಾರ, ಎದೆ, ಹಿಟ್ಟು ಎಲ್ಲವೂ ನಿಮ್ಮ ದಾರಿಯನ್ನೇ ಅಳೆಯುತ್ತಿವೆ. ಯಾವುದೂ ಕೆಟ್ಟಿಲ್ಲ, ಯಾವುದನ್ನೂ ಯಾರೂ ಹಿಡಿದಿಲ್ಲ.

ಇದು ಬರೀ ಕಾಗದದ ಮೇಲಿನ ಮಾತಲ್ಲ ಎಂದು ಮಗಳಿಗೆ ಹೇಳಬೇಕಾದರೆ ಮ್ಯೂಆನ್ ಕಥೆ ಹೇಳಿ. ನಮಗೆ, ಅಂದರೆ ಮುಂಬೈ ಕನ್ನಡಿಗರಿಗೆ, ಅದು ಮನೆಯ ಕಥೆಯೂ ಹೌದು.

ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಸುಮಾರು 15 ಕಿ.ಮೀ. ಎತ್ತರದಲ್ಲಿ ಗಾಳಿಗೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಆಯಸ್ಸು ಸರಾಸರಿ 2.2 ಮೈಕ್ರೋಸೆಕೆಂಡು (ಮೈಕ್ರೋಸೆಕೆಂಡು ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು), ಆಮೇಲೆ ಒಡೆದುಹೋಗುತ್ತವೆ. ಅಷ್ಟರಲ್ಲಿ ಬೆಳಕೇ ಓಡಿದರೂ 660 ಮೀಟರ್ ದಾಟದು. ನೆಲ ಮುಟ್ಟಲು ಅಂಥ ಇಪ್ಪತ್ತಕ್ಕೂ ಹೆಚ್ಚು ಆಯಸ್ಸು ಬೇಕು. ಎಲ್ಲರ ಕಾಲವೂ ಒಂದೇ ಆಗಿದ್ದರೆ ನೂರಾರು ಕೋಟಿ ಮ್ಯೂಆನ್‌ಗಳಲ್ಲಿ ಒಂದು ಕೆಳಗೆ ಬಂದರೆ ಹೆಚ್ಚು. ಆದರೆ ನಿಮ್ಮ ಅಂಗೈಯನ್ನು ಈಗ ಆಕಾಶಕ್ಕೆ ಚಾಚಿ. ಸೆಕೆಂಡಿಗೆ ಒಂದರಂತೆ ಮ್ಯೂಆನ್ ಅದನ್ನು ತೂರಿ ಹೋಗುತ್ತಿರುತ್ತದೆ. ನಮ್ಮ ಲೆಕ್ಕದಲ್ಲಿ ಅವುಗಳ ಗಡಿಯಾರ ನಿಧಾನ, ಅದಕ್ಕೇ ಬದುಕಿ ಬರುತ್ತವೆ. ಮ್ಯೂಆನ್‌ನ ಲೆಕ್ಕ ಬೇರೆ: ಅದರ ಆಯಸ್ಸು 2.2 ಮೈಕ್ರೋಸೆಕೆಂಡೇ, ಆದರೆ ತನ್ನೆದುರು ಧಾವಿಸಿ ಬರುವ ಗಾಳಿಯ ಪದರ ಅದಕ್ಕೆ ಕುಗ್ಗಿ ಗಿಡ್ಡವಾಗಿದೆ. ಎರಡು ಲೆಕ್ಕದಲ್ಲೂ ಕಣ ನೆಲ ಮುಟ್ಟುತ್ತದೆ.

ಈ ಮಾತನ್ನು ಮೊದಲೇ ಕಂಡು ಬರೆದವರಲ್ಲಿ ಭೌತವಿಜ್ಞಾನಿ ಹೋಮಿ ಭಾಭಾ ಒಬ್ಬರು. 1938ರಲ್ಲಿ ಕೇಂಬ್ರಿಜ್‌ನಲ್ಲಿದ್ದಾಗ 'ನೇಚರ್' ಪತ್ರಿಕೆಗೆ ಬರೆದ ಒಂದು ಪುಟ್ಟ ಪತ್ರದಲ್ಲಿ, ಇಂಥ ಒಡೆಯುವ ಕಣವೇ ಒಂದು ಗಡಿಯಾರ, ಆದ್ದರಿಂದ ಓಡುವಾಗ ಅದು ಒಡೆಯಲು ಹೆಚ್ಚು ಹೊತ್ತು ಹಿಡಿಯಬೇಕು ಎಂಬ ಅರ್ಥದ ಮಾತು ಬರೆದರು. 1941ರಲ್ಲಿ ಅಮೆರಿಕದಲ್ಲಿ ರೋಸಿ ಮತ್ತು ಹಾಲ್ ಎಂಬುವರು ಕೊಲರಾಡೊ ಬೆಟ್ಟದ ಮೇಲೂ ಕೆಳಗೂ ಎಣಿಸಿ ನೋಡಿದರು. ವೇಗ ಜಾಸ್ತಿ ಇದ್ದ ಕಣಗಳು ಜಾಸ್ತಿ ಹೊತ್ತು ಉಳಿದಿದ್ದವು. ಯುದ್ಧದ ಕಾರಣ ಭಾರತದಲ್ಲೇ ಉಳಿದ ಭಾಭಾ ಬೆಂಗಳೂರಿನ ವಿಜ್ಞಾನ ಸಂಸ್ಥೆ ಸೇರಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಹುಟ್ಟಿದ್ದು ಅಲ್ಲೇ. ಅದೇ ವರ್ಷ ಅದು ಮುಂಬೈಗೆ ಬಂತು. ಈಗ ಕೊಲಾಬಾದ ತುದಿಯಲ್ಲಿ ಸಮುದ್ರದ ಪಕ್ಕ ಇದೆ. 1948ರಲ್ಲಿ ಅಲ್ಲಿ ಸೇರಿದ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಕೋಲಾರದ ಚಿನ್ನದ ಗಣಿಗೆ ಇಳಿದು, ಬೇರೆ ಬೇರೆ ಆಳದಲ್ಲಿ ಎಷ್ಟು ಮ್ಯೂಆನ್ ತಲುಪುತ್ತವೆ ಎಂದು ಅಳೆದರು. 1975ರಿಂದ 1987ರವರೆಗೆ ಅವರೇ ಆ ಸಂಸ್ಥೆಯ ನಿರ್ದೇಶಕರಾಗಿದ್ದರು. ನೀವು ದಿನಾ ಇಳಿಯುವ ಫೋರ್ಟ್‌ನಿಂದ ಅಲ್ಲಿಗೆ ಬಸ್ಸಿನ ದಾರಿ. ಹದಿನೈದು ಕಿಲೋಮೀಟರ್ ಗಾಳಿ ದಾಟಿ, ಅದರ ಮೇಲೆ ಕೋಲಾರದ ಬಂಡೆಯನ್ನೂ ತೂರಿದ ಆ ಕಣಗಳನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ವೇಗ ಅನ್ನುವುದು ಪರಸ್ಪರ ತಾನೇ? ರೈಲಿನವನಿಗೆ ಪ್ಲಾಟ್‌ಫಾರ್ಮೇ ಓಡುತ್ತಿದೆ. ಅವನಿಗೆ ಪ್ಲಾಟ್‌ಫಾರ್ಮಿನ ಗಡಿಯಾರ ನಿಧಾನ, ಇವನಿಗೆ ರೈಲಿನದು ನಿಧಾನ. ಇಬ್ಬರೂ ಸರಿ ಇರಲು ಹೇಗೆ ಸಾಧ್ಯ? ಹಾಗಿದ್ದರೆ ಅವಳಿಗಳಲ್ಲಿ ಒಬ್ಬ ಮಾತ್ರ ಚಿಕ್ಕವನಾಗಿ ಉಳಿಯುವುದು ಹೇಗೆ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಪುಣೆ)

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಬಿಡಿಸಿಕೊಳ್ಳೋಣ.

ಮೊದಲನೆಯದು. ನೀವೂ ನಿಮ್ಮ ಗೆಳೆಯನೂ ಶಿವಾಜಿ ಪಾರ್ಕಿನ ಒಂದು ಮೂಲೆಯಿಂದ ಒಟ್ಟಿಗೆ ಹೊರಡಿ. ಇಬ್ಬರದೂ ಒಂದೇ ನಡಿಗೆ, ಆದರೆ ಅವನ ದಾರಿ ನಿಮ್ಮ ದಾರಿಗೆ ಸ್ವಲ್ಪ ಓರೆ. ನೂರು ಹೆಜ್ಜೆ ಆದ ಮೇಲೆ ನಿಂತು ಪಕ್ಕಕ್ಕೆ ತಿರುಗಿ ನೋಡಿ. ಅವನು ನಿಮಗಿಂತ ಹಿಂದೆ ಇದ್ದಾನೆ. ಅವನು ತನ್ನ ಜಾಗದಿಂದ ಪಕ್ಕಕ್ಕೆ ತಿರುಗಿ ನೋಡಿದರೆ ನೀವು ಹಿಂದೆ! ಇಬ್ಬರೂ ಸುಳ್ಳು ಹೇಳುತ್ತಿಲ್ಲ. "ಮುಂದೆ" ಎಂದರೆ ನಿಮಗೆ ಒಂದು ದಿಕ್ಕು, ಅವನಿಗೆ ಬೇರೆ ದಿಕ್ಕು. "ಪಕ್ಕ" ಎನ್ನುವ ಗೆರೆಯೂ ಬೇರೆ.

ಗಡಿಯಾರಗಳಲ್ಲೂ ಹೀಗೆ. "ಈಗ ಅವನ ಗಡಿಯಾರದಲ್ಲಿ ಎಷ್ಟು?" ಎಂದು ಕೇಳುತ್ತೇವಲ್ಲ, ಆ "ಈಗ" ಅನ್ನುವುದೇ ಆ ಪಕ್ಕದ ಗೆರೆ. ರೈಲಿನವನ "ಈಗ" ಬೇರೆ, ಪ್ಲಾಟ್‌ಫಾರ್ಮಿನವನ "ಈಗ" ಬೇರೆ. ಒಬ್ಬನಿಗೆ ಒಂದೇ ಹೊತ್ತಿಗೆ ಆದ ಎರಡು ಘಟನೆ ಇನ್ನೊಬ್ಬನಿಗೆ ಹಿಂದೆ ಮುಂದೆ ಆಗಿರುತ್ತವೆ. ಸಾಪೇಕ್ಷತೆಯನ್ನು ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ಗಡಿಯಾರ ನಿಧಾನ ಎಂಬುದನ್ನು ಬೇಗ ಒಪ್ಪುತ್ತಾರೆ, ಆದರೆ "ಈಗ" ಎನ್ನುವುದು ಇಡೀ ಜಗತ್ತಿಗೆ ಒಂದೇ ಎಂಬ ಹಳೆಯ ನಂಬಿಕೆಯನ್ನು ಮನಸ್ಸಿನ ಮೂಲೆಯಲ್ಲಿ ಹಾಗೇ ಉಳಿಸಿಕೊಂಡಿರುತ್ತಾರೆ. ಅದನ್ನು ಬಿಟ್ಟರೆ "ಇಬ್ಬರೂ ಸರಿ ಹೇಗೆ" ಎಂಬ ಗೊಂದಲ ತಾನಾಗಿಯೇ ಹೋಗುತ್ತದೆ.

ಎರಡನೆಯದು ಅವಳಿಗಳ ವಿಷಯ: ಒಬ್ಬರು ಊರಲ್ಲೇ ಉಳಿಯುತ್ತಾರೆ, ಇನ್ನೊಬ್ಬರು ತುಂಬ ವೇಗವಾಗಿ ದೂರ ಹೋಗಿ ಬರುತ್ತಾರೆ. ಇಲ್ಲಿ ಅವರು ಬೇರೆಯಾಗಿ ಮತ್ತೆ ಒಂದೇ ಜಾಗದಲ್ಲಿ ಸೇರುತ್ತಾರೆ. ಎದುರುಬದುರು ನಿಂತು ಗಡಿಯಾರ ಹೋಲಿಸುತ್ತಾರೆ. ಇಲ್ಲಿ "ನಿನಗೆ ಹಾಗೆ, ನನಗೆ ಹೀಗೆ" ಎನ್ನಲು ಬರುವುದಿಲ್ಲ. ಒಂದೇ ಉತ್ತರ ಇರಬೇಕು, ಇದೆ.

ಮಾಟುಂಗಾದಿಂದ ಫೋರ್ಟ್‌ಗೆ ಎರಡು ಕಾಳಿ ಪೀಳಿ ಟ್ಯಾಕ್ಸಿ ಹೊರಟವು ಎನ್ನಿ. ಒಂದು ನೆಟ್ಟಗೆ ಪರೇಲ್, ಬೈಕಲಾ ಮೇಲೆ ಬಂತು. ಇನ್ನೊಂದು ವರಳಿ ಸಮುದ್ರದ ದಂಡೆ ಸುತ್ತಿ ಬಂತು. ಫೋರ್ಟ್‌ನಲ್ಲಿ ಎರಡೂ ಅಕ್ಕಪಕ್ಕ ನಿಂತಾಗ ಮೀಟರಿನ ಕಿಲೋಮೀಟರ್ ಬೇರೆ ಬೇರೆ. "ಒಂದು ಮೀಟರಿಗೆ ಏನಾಯಿತು?" ಎಂದು ಯಾರೂ ಕೇಳುವುದಿಲ್ಲ. ದಾರಿ ಬೇರೆ, ಅದಕ್ಕೆ ಮೀಟರ್ ಬೇರೆ. ಗಡಿಯಾರವೂ ಕಾಲದ ಮೀಟರು. ಅದು ತಾನು ಬಂದ ದಾರಿಯನ್ನು ಮಾತ್ರ ಅಳೆಯುತ್ತದೆ.

ಒಂದೇ ವ್ಯತ್ಯಾಸ. ರಸ್ತೆಯಲ್ಲಿ ಸುತ್ತಿ ಬಂದರೆ ಮೀಟರ್ ಜಾಸ್ತಿ. ಕಾಲದಲ್ಲಿ ಸುತ್ತಿ ಬಂದವನ ಮೀಟರ್ ಕಡಿಮೆ, ಯಾಕೆಂದರೆ ಮೊದಲ ಉತ್ತರದಲ್ಲಿ ಹೇಳಿದಂತೆ ಇಲ್ಲಿ ದೂರವನ್ನು ಕೂಡುವುದಿಲ್ಲ, ಕಳೆಯುತ್ತೇವೆ. ಅವಳಿಗಳಲ್ಲಿ ಅಕ್ಕ ಊರಲ್ಲೇ ಉಳಿದಳು. ತಂಗಿ 4 ಬೆಳಕಿನ ವರ್ಷ ದೂರದ ಜಾಗಕ್ಕೆ, ಬೆಳಕಿನ ವೇಗದ ಹತ್ತರಲ್ಲಿ ಎಂಟು ಪಾಲು ವೇಗದಲ್ಲಿ ಹೋಗಿ ಅದೇ ವೇಗದಲ್ಲಿ ವಾಪಸು ಬಂದಳು. ಹೋಗಲು ಅಕ್ಕನ ಲೆಕ್ಕದಲ್ಲಿ 5 ವರ್ಷ. 25ರಲ್ಲಿ 16 ಕಳೆದರೆ 9. ತಂಗಿಗೆ 3 ವರ್ಷ. ಬರಲು ಇನ್ನೊಂದು 3. ಮನೆ ಬಾಗಿಲಲ್ಲಿ ಅಕ್ಕನಿಗೆ 10 ವರ್ಷ ತುಂಬಿದೆ, ತಂಗಿಗೆ 6. ಅಪ್ಪನ ಹಗ್ಗ ಇಲ್ಲೂ ಕೆಲಸಕ್ಕೆ ಬಂತು.

"ತಂಗಿ ಹಿಂದಕ್ಕೆ ತಿರುಗುವಾಗ ಬಿದ್ದ ಜೋರು ಎಳೆತವೇ ಅವಳ ಗಡಿಯಾರವನ್ನು ನಿಧಾನ ಮಾಡಿತೇನೋ" ಎಂದು ಕೆಲವರು ಬರೆಯುತ್ತಾರೆ. ಅದು ತಪ್ಪು. ತಿರುಗಿದ್ದರಿಂದ ಅವಳ ದಾರಿ ಡೊಂಕಾಯಿತು, ಅಷ್ಟೇ. ಟ್ಯಾಕ್ಸಿ ತಿರುವಿನಲ್ಲಿ ಹೊರಳಿದ್ದರಿಂದ ಮೀಟರ್ ಓಡಲಿಲ್ಲ, ರಸ್ತೆಯ ಉದ್ದದಿಂದ ಓಡಿತು. ಸರ್ನ್‌ನಲ್ಲಿ ಮ್ಯೂಆನ್‌ಗಳನ್ನು ಒಂದು ಉಂಗುರದಲ್ಲಿ ಸುತ್ತಿಸಿದರು. ಫಲಿತಾಂಶ 1977ರಲ್ಲಿ ಪ್ರಕಟವಾಯಿತು. ಅವು ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬರುವ ನಿಜವಾದ ತಂಗಿಯರು. ತಿರುವಿನಲ್ಲಿ ಅವುಗಳ ಮೇಲಿನ ಎಳೆತ ಭೂಮಿಯ ಸೆಳೆತದ ಕೋಟಿ ಕೋಟಿ ಪಟ್ಟಿಗೂ ಹೆಚ್ಚು. ಆದರೂ ಅವುಗಳ ಆಯಸ್ಸು ಬರೀ ವೇಗದ ಲೆಕ್ಕ ಹೇಳಿದಷ್ಟೇ ಬೆಳೆಯಿತು: ಸುಮಾರು 29 ಪಟ್ಟು, 64 ಮೈಕ್ರೋಸೆಕೆಂಡು. ಎಳೆತದ ಲೆಕ್ಕ ಬೇರೆ ಸೇರಿಸಬೇಕಾಗಲಿಲ್ಲ.

ಕಣಗಳಲ್ಲ, ನಿಜವಾದ ಗಡಿಯಾರ ಬೇಕು ಎಂದರೆ ಅದೂ ಇದೆ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬುವರು ಸೀಸಿಯಂ ಪರಮಾಣು ಗಡಿಯಾರಗಳಿಗೆ ವಿಮಾನದ ಸೀಟು ಕೊಡಿಸಿ ಭೂಮಿ ಸುತ್ತಿ ಬಂದರು. ಪೂರ್ವಕ್ಕೆ ಹೋದ ಗಡಿಯಾರ 59 ನ್ಯಾನೋಸೆಕೆಂಡು (ನ್ಯಾನೋಸೆಕೆಂಡು ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ಹಿಂದೆ ಬಿತ್ತು. ಪಶ್ಚಿಮಕ್ಕೆ ಹೋದದ್ದು 273 ಮುಂದೆ ಹೋಯಿತು. ಭೂಮಿ ಪೂರ್ವಕ್ಕೇ ತಿರುಗುವುದರಿಂದ ಆ ಕಡೆ ಹೋದದ್ದರ ವೇಗ ಜಾಸ್ತಿ, ಈ ಕಡೆಯದು ಕಡಿಮೆ. ಎತ್ತರಕ್ಕೆ ಹೋದಷ್ಟೂ ಗಡಿಯಾರ ಬೇಗ ಓಡುತ್ತದೆ ಎಂಬ ಇನ್ನೊಂದು ಪರಿಣಾಮವೂ ಅದರಲ್ಲಿ ಸೇರಿದೆ. ನಿಮ್ಮ ಫೋನಿನ ಜಿಪಿಎಸ್ ದಿನಾ ಇದೇ ಎರಡು ಲೆಕ್ಕ ಮಾಡುತ್ತದೆ. ಉಪಗ್ರಹದ ಗಡಿಯಾರ ವೇಗದಿಂದ ದಿನಕ್ಕೆ 7 ಮೈಕ್ರೋಸೆಕೆಂಡು ಹಿಂದೆ, ಎತ್ತರದಿಂದ 45 ಮುಂದೆ. ಒಟ್ಟು 38 ಮುಂದೆ. ಅಷ್ಟು ಹೊತ್ತಿನಲ್ಲಿ ಬೆಳಕು 11 ಕಿಲೋಮೀಟರ್ ಹೋಗಿರುತ್ತದೆ, ದಾದರ್‌ನಿಂದ ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಇರುವುದಕ್ಕಿಂತ ದೂರ. ಅದನ್ನು ತಿದ್ದಿಕೊಳ್ಳದೆ ಫೋನಿನ ನಕ್ಷೆ ಒಂದು ದಿನವೂ ನಡೆಯದು.

ಪ್ರಶ್ನೆ: ನಾನು 35 ವರ್ಷ ಕಲ್ಯಾಣದಿಂದ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಓಡಾಡಿ ಈಗ ನಿವೃತ್ತನಾಗಿದ್ದೇನೆ. ನನ್ನ ವಯಸ್ಸು ಎಷ್ಟಾದರೂ ಉಳಿದಿದೆಯೇ?
(ಓದುಗರೊಬ್ಬರು, ಕಲ್ಯಾಣ)

ಉತ್ತರ: ಉಳಿದಿದೆ. ಲೆಕ್ಕ ಮಾಡಿಯೇ ಹೇಳುತ್ತೇನೆ, ಯಾಕೆಂದರೆ ಈ ಹಳಿಯ ಮೇಲೆ ನನ್ನ ಆಯಸ್ಸೂ ಕಳೆದಿದೆ.

ಕಲ್ಯಾಣದಿಂದ ಸಿಎಸ್‌ಎಂಟಿ ಸುಮಾರು 54 ಕಿ.ಮೀ. ಹೋಗಿ ಬಂದು 108. ವರ್ಷಕ್ಕೆ 300 ದಿನ, 35 ವರ್ಷ. 11 ಲಕ್ಷ 34 ಸಾವಿರ ಕಿಲೋಮೀಟರ್ ಆಯಿತು. ಹೆಚ್ಚು ಕಡಿಮೆ ಚಂದ್ರನಿಗೆ ಹೋಗಿ, ವಾಪಸು ಬಂದು, ಮತ್ತೆ ಚಂದ್ರನಿಗೆ ಹೋದಷ್ಟು. ಗಂಟೆಗೆ 50 ಕಿ.ಮೀ. ವೇಗ ಹಿಡಿದರೆ, ಮನೆಯಲ್ಲೇ ಕುಳಿತವರಿಗಿಂತ ನೀವು ಚಿಕ್ಕವರಾಗಿ ಉಳಿದದ್ದು ಸೆಕೆಂಡನ್ನು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೂ ಸ್ವಲ್ಪ ಕಡಿಮೆ. ಅಷ್ಟು ಹೊತ್ತಿನಲ್ಲಿ ಬೆಳಕು ಸುಮಾರು 26 ಮೀಟರ್ ಹೋಗುತ್ತದೆ, ಲೋಕಲ್‌ನ ಒಂದು ಬೋಗಿಗಿಂತ ಸ್ವಲ್ಪ ಜಾಸ್ತಿ.

ಇಷ್ಟು ಸಣ್ಣದನ್ನು ಅಳೆಯಲು ಆಗುತ್ತದೆಯೇ ಎಂದು ಕೇಳಬಹುದು. 2010ರಲ್ಲಿ ಅಮೆರಿಕದ ಬೋಲ್ಡರ್‌ನ ಪ್ರಯೋಗಾಲಯದಲ್ಲಿ ಅಲ್ಯೂಮಿನಿಯಂ ಅಯಾನಿನ (ವಿದ್ಯುದಾವೇಶ ಹೊತ್ತ ಪರಮಾಣುವಿನ) ಗಡಿಯಾರಗಳಿಂದ ಅಳೆದರು. ಅಯಾನು ಸೆಕೆಂಡಿಗೆ 10 ಮೀಟರ್‌ಗಿಂತ ಕಡಿಮೆ ವೇಗದಲ್ಲಿ ಆಡುತ್ತಿದ್ದಾಗಲೂ ಗಡಿಯಾರ ನಿಧಾನವಾದದ್ದು ಗೊತ್ತಾಯಿತು. ಅಂದರೆ ಗಂಟೆಗೆ 36 ಕಿಲೋಮೀಟರ್‌ಗಿಂತ ಕಡಿಮೆ. ನಮ್ಮ ಸ್ಲೋ ಲೋಕಲ್ ಎರಡು ಸ್ಟೇಷನ್ ನಡುವೆ ಅದಕ್ಕಿಂತ ಜೋರಾಗಿ ಓಡುತ್ತದೆ. ಅದೇ ಪ್ರಯೋಗದಲ್ಲಿ ಒಂದು ಗಡಿಯಾರವನ್ನು 33 ಸೆಂಟಿಮೀಟರ್ ಮೇಲೆತ್ತಿದಾಗ ಅದು ಬೇಗ ಓಡಿದ್ದೂ ಕಂಡಿತು.

ಅದಕ್ಕೇ ನಿಮ್ಮ ಮನೆ ಯಾವ ಮಹಡಿಯಲ್ಲಿದೆ ಎಂದೂ ಕೇಳಬೇಕು. ಹತ್ತನೇ ಮಹಡಿಯಲ್ಲಾದರೆ ಕೆಳಮನೆಯವರಿಗಿಂತ ನಿಮ್ಮ ಗಡಿಯಾರ ಒಂಚೂರು ಬೇಗ ಓಡಿದೆ. ಮನೆಯಲ್ಲಿ ಕಳೆದ ಹೊತ್ತು ರೈಲಿನಲ್ಲಿ ಕಳೆದುದಕ್ಕಿಂತ ಎಷ್ಟೋ ಜಾಸ್ತಿ, ಆದ್ದರಿಂದ ರೈಲಿನಲ್ಲಿ ಉಳಿಸಿದ್ದನ್ನು ಆ ಮಹಡಿ ಪೂರ್ತಿ ತೆಗೆದುಕೊಂಡು ಇನ್ನಷ್ಟು ಸೇರಿಸಿರುತ್ತದೆ. ನೆಲಮಹಡಿಯಾದರೆ ಆ ಬೋಗಿಯುದ್ದದ ಬೆಳಕಿನ ಹೊತ್ತು ನಿಮ್ಮದೇ.

ಠಾಣೆಯ ಓದುಗರ ಮಗಳಿಗೆ ಒಂದು ಲೆಕ್ಕ ಬಿಟ್ಟಿದ್ದೇನೆ. ನನ್ನ ಅಪ್ಪ ದೊಡ್ಡ ಪಾಯಗಳಿಗೆ 5, 12, 13ರ ಹಗ್ಗವನ್ನೂ ಬಳಸುತ್ತಿದ್ದರು. ಅಕ್ಕನಿಗೆ 13 ವರ್ಷ ಆಗುವಷ್ಟರಲ್ಲಿ ತಂಗಿಗೆ 5 ವರ್ಷ ಆಗಬೇಕಾದರೆ ತಂಗಿಯ ವೇಗ ಎಷ್ಟಿರಬೇಕು? ಉತ್ತರ ಬರೆದು ಕಳಿಸಮ್ಮ. ಹೇಗೆ ಮಾಡಿದೆ ಎಂಬುದನ್ನೂ ಬರೆ.